ಎಂಡೊಮೆಟ್ರಿಯೋಸಿಸ್: ಮಾತ್ರೆಯೋ ಆಪರೇಷನ್ನೋ, ಈ ಗೊಂದಲ ಬೆಳೆದು ಬಂದ ದಾರಿ

ಎಂಡೊಮೆಟ್ರಿಯೋಸಿಸ್ ಇದೆ ಎಂದು ಗೊತ್ತಾದ ಹೆಣ್ಣುಮಗಳಿಗೆ ಸಲಹೆಗಳಿಗೇನೂ ಕೊರತೆ ಇರುವುದಿಲ್ಲ. ಒಬ್ಬ ಡಾಕ್ಟರು ಮಾತ್ರೆ ಬರೆಯುತ್ತಾರೆ. ಇನ್ನೊಬ್ಬರು ಆಪರೇಷನ್ ಅನ್ನುತ್ತಾರೆ. ಹತ್ತಿರದವರು "ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಯಾವುದೂ ಸುಮ್ನೆ ಹುಟ್ಟಿದ ಮಾತಲ್ಲ. ಒಂದೊಂದೂ ಒಂದೊಂದು ಕಾಲದ ವೈದ್ಯಕೀಯ ನಂಬಿಕೆ. ಕಾಲ ಹೋಯಿತು, ಸಲಹೆ ಉಳಿಯಿತು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆಲ್ಲೋ ಬೆಳೆಯುವುದು ಈ ಕಾಯಿಲೆ. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಹೀಗೆ. ಹಾರ್ಮೋನಿನ ಏರಿಳಿತಕ್ಕೆ ಅದೂ ಊದುತ್ತದೆ, ರಕ್ತ ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲ. ಸುತ್ತಲೂ ಉರಿಯೂತ, ಗಾಯದ ಕಲೆ, ಒಂದಕ್ಕೊಂದು ಅಂಟಿಕೊಂಡ ಅಂಗಗಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 19 ಕೋಟಿ ಜನರಿಗೆ ಇದು ಇದೆ.

1921ರಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಚೀಲಗಳ, ಅಂದರೆ ಚಾಕೊಲೇಟ್ ಸಿಸ್ಟ್‌ಗಳ ಬಗ್ಗೆ ಬರೆದರು. ಮುಟ್ಟಿನ ರಕ್ತ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿದು ಅಲ್ಲಿ ಬೇರೂರುತ್ತದೆ ಎಂಬ ಅವರ ವಿವರಣೆ ಬಂದದ್ದು ಅದೇ ದಶಕದಲ್ಲಿ. ಆಮೇಲೆ ಬಹಳ ವರ್ಷ ದೊಡ್ಡ ಚಿಕಿತ್ಸೆ ಅಂದರೆ ಗರ್ಭಕೋಶ, ಅಂಡಾಶಯ ತೆಗೆದುಹಾಕುವುದೇ ಆಗಿತ್ತು.

ಔಷಧಿಯ ಕಥೆ ಇದಕ್ಕಿಂತ ವಿಚಿತ್ರ. ಬಸಿರಿನಲ್ಲಿ ಮುಟ್ಟು ನಿಲ್ಲುತ್ತದೆ, ಹಲವರಿಗೆ ನೋವೂ ತಗ್ಗುತ್ತದೆ ಎಂದು ವೈದ್ಯರು ಗಮನಿಸಿದ್ದರು. ಹಾಗಾದರೆ ಮಾತ್ರೆಯಿಂದಲೇ ದೇಹಕ್ಕೆ ಬಸಿರಿನ ಸೋಗು ಹಾಕಿಸಿದರೆ? 1958ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಕಿಸ್ಟ್ನರ್ ಮುಂದಿಟ್ಟ ದಾರಿ ಇದು: ತಿಂಗಳುಗಟ್ಟಲೆ ಜಾಸ್ತಿ ಪ್ರಮಾಣದ ಹಾರ್ಮೋನ್, ಜೊತೆಗೆ ವಾಕರಿಕೆ, ಸ್ತನಗಳಲ್ಲಿ ನೋವು. 1976ರಲ್ಲಿ ಅಮೆರಿಕದಲ್ಲಿ ಡ್ಯಾನಜಾಲ್‌ಗೆ ಒಪ್ಪಿಗೆ ಸಿಕ್ಕಿತು. ಇದು ಗಂಡು ಹಾರ್ಮೋನಿನ ನೆಂಟ. ನೋವು ಇಳಿಯುತ್ತಿತ್ತು. ಆದರೆ ತೂಕ ಏರಿತು, ಮೊಡವೆ ಬಂತು, ಮುಖದಲ್ಲಿ ಕೂದಲು ಬಂತು. ಕೆಲವರ ದನಿ ಗಡುಸಾಯಿತು, ಮಾತ್ರೆ ಬಿಟ್ಟ ಮೇಲೂ ಹಳೆಯ ದನಿ ಮರಳದೇ ಇದ್ದದ್ದುಂಟು. ನೋವಿಗೆ ಬದಲಾಗಿ ತನ್ನ ದನಿಯನ್ನೇ ಕೊಡುವುದು ಸಣ್ಣ ಮಾತಲ್ಲ.

ಮೂರನೆಯ ಸೋಗು ಮುಟ್ಟು ನಿಂತವಳದ್ದು. ಮಿದುಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಮಿಡಿತದಂತೆ ಕಳಿಸುತ್ತದೆ. ಅದನ್ನೇ ಹೋಲುವ ಔಷಧಿ ಬಿಡುವಿಲ್ಲದೆ ಒಳಗಿದ್ದರೆ ಅಂಡಾಶಯಕ್ಕೆ ಆಜ್ಞೆ ಕೊಡುವ ಪಿಟ್ಯುಟರಿ ಗ್ರಂಥಿ ಮೊದಲು ಜೋರಾಗಿ ಸ್ಪಂದಿಸುತ್ತದೆ, ಆಮೇಲೆ ಕಿವುಡಾಗುತ್ತದೆ. ಅಂಡಾಶಯ ಮಲಗುತ್ತದೆ. 1990ರಲ್ಲಿ ಲ್ಯೂಪ್ರೊಲೈಡ್ ಇಂಜೆಕ್ಷನ್ ಈ ಕಾಯಿಲೆಗೆ ಬಂತು. ಅದರ ಜೊತೆಗೇ ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ. ಅದಕ್ಕೇ ಆರು ತಿಂಗಳ ಮಿತಿ. ಕೊನೆಗೆ ವೈದ್ಯರು ಕಂಡುಕೊಂಡ ಉಪಾಯ ಎಂದರೆ ಕಸಿದುಕೊಂಡ ಹಾರ್ಮೋನಿನಲ್ಲಿ ಚೂರನ್ನು ವಾಪಸ್ ಕೊಡುವುದು: ಮೂಳೆಗೆ ಸಾಕು, ಕಾಯಿಲೆಗೆ ಸಾಲದು ಎನ್ನುವಷ್ಟು. 2018ರಲ್ಲಿ ಬಂದ ಎಲಗೋಲಿಕ್ಸ್ ಬಾಯಿಂದ ತೆಗೆದುಕೊಳ್ಳುವ ಮಾತ್ರೆ. ಅದರಲ್ಲಿ ಪಿಟ್ಯುಟರಿಯ ಮೊದಲಿನ ಆ ಕೆರಳಿಕೆ ಇಲ್ಲ.

ಇಷ್ಟೆಲ್ಲ ಸುತ್ತಾಡಿ, ಇಂದು ಮೊದಲು ಕೊಡುವುದು ಸಾಮಾನ್ಯ ಗರ್ಭನಿರೋಧಕ ಮಾತ್ರೆ, ಡೈನೊಜೆಸ್ಟ್‌ನಂಥ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನನ್ನು ಹೋಲುವ ಔಷಧಿ), ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ. ಇವು ಕಾಯಿಲೆಯನ್ನು ಅಳಿಸುವುದಿಲ್ಲ, ಅದುಮಿಡುತ್ತವೆ. ನಿಲ್ಲಿಸಿದರೆ ನೋವು ಮರಳಬಹುದು. ಇದನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ನಿರಾಸೆ ತಪ್ಪುತ್ತದೆ.

ಇತ್ತ 1980ರ ದಶಕದಲ್ಲಿ ಹೊಟ್ಟೆಯ ಸಣ್ಣ ತೂತಿನಿಂದ ನೋಡಿ ಮಾಡುವ, ಕ್ಯಾಮೆರಾ ಕಟ್ಟಿದ ಲ್ಯಾಪ್ರೋಸ್ಕೋಪಿ ಬಂದು ಸರ್ಜರಿಯ ಗುರಿಯೇ ಬದಲಾಯಿತು. ಅಂಗ ಉಳಿಸಿ ಕಾಯಿಲೆ ತೆಗೆಯಬಹುದು ಎಂಬ ಧೈರ್ಯ ಬಂತು. ಆಗ ಶುರುವಾದದ್ದು ಇನ್ನೊಂದು ಜಗಳ: ಸುಡಬೇಕೋ, ಕತ್ತರಿಸಿ ತೆಗೆಯಬೇಕೋ? ಮೇಲ್ಪದರದ ಸಣ್ಣ ಚುಕ್ಕೆಗಳಲ್ಲಿ ಯಾವುದು ಮೇಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆಳಕ್ಕೆ ಇಳಿದಿದ್ದರೆ ಮಾತ್ರ ಮೇಲೆ ಸುಡುವುದು ಗರಿಕೆಯ ತುದಿ ಸವರಿದ ಹಾಗೆ. ಕರುಳಿಗೋ ಮೂತ್ರನಾಳಕ್ಕೋ ಅಂಟಿದ್ದನ್ನು ಬಿಡಿಸಲು ಪಳಗಿದ ತಂಡವೇ ಬೇಕು.

ಚಾಕೊಲೇಟ್ ಸಿಸ್ಟ್‌ನಲ್ಲೂ ಇಕ್ಕಟ್ಟಿದೆ. ದ್ರವ ಮಾತ್ರ ಹೀರಿದರೆ ಮತ್ತೆ ತುಂಬಿಕೊಳ್ಳುತ್ತದೆ. ಗೋಡೆ ಸುಲಿದು ತೆಗೆದರೆ ಅದರ ಜೊತೆ ಒಳ್ಳೆಯ ಅಂಡಗಳೂ ಹೋಗಬಹುದು. ಮಗು ಬೇಕು ಎನ್ನುವವಳಿಗೆ ಇದನ್ನು ಆಪರೇಷನ್‌ಗೆ ಮುಂಚೆ ಹೇಳಬೇಕು, ಆಮೇಲಲ್ಲ. ಗರ್ಭಕೋಶ ತೆಗೆದರೂ ಹೊರಗಿನ ಕಾಯಿಲೆ ಉಳಿದಿದ್ದರೆ ನೋವು ಉಳಿಯಬಹುದು. ಸರ್ಜರಿ ಆದ ಮೇಲೆ ಹಾರ್ಮೋನ್ ಮುಂದುವರಿಸಿದರೆ ಮರುಕಳಿಸುವುದು ಕಡಿಮೆ. ಅಂದರೆ ಮಾತ್ರೆ, ಆಪರೇಷನ್ ಒಂದಕ್ಕೊಂದು ಎದುರಾಳಿ ಅಲ್ಲವೇ ಅಲ್ಲ.

ಕಾಯಿಲೆಯನ್ನು 1ರಿಂದ 4ರವರೆಗೆ ಹಂತಗಳಾಗಿ ವಿಂಗಡಿಸುತ್ತಾರೆ. ನೋವು ಈ ಅಂಕಿ ಕೇಳುವುದಿಲ್ಲ. 1ನೇ ಹಂತದವಳು ಹಾಸಿಗೆ ಬಿಟ್ಟು ಏಳದಿರಬಹುದು, 4ನೇ ಹಂತದವಳಿಗೆ ಏನೂ ಅನ್ನಿಸದಿರಬಹುದು.

2022ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘ ಇಎಸ್‌ಎಚ್‌ಆರ್‌ಇ ತನ್ನ ಮಾರ್ಗಸೂಚಿ ಬದಲಿಸಿತು. ಖಚಿತಪಡಿಸಿಕೊಳ್ಳಲೆಂದೇ ಎಲ್ಲರಿಗೂ ಲ್ಯಾಪ್ರೋಸ್ಕೋಪಿ ಬೇಕಿಲ್ಲ, ಲಕ್ಷಣ ನೋಡಿ ಔಷಧಿ ಶುರು ಮಾಡಬಹುದು ಎಂದಿತು. ಕಾಯಿಲೆ ವಾಸಿಯಾಗಲಿ ಎಂಬ ಒಂದೇ ಕಾರಣಕ್ಕೆ ಬಸಿರಾಗಿ ಎಂದು ಹೇಳಬಾರದು ಎಂದೂ ಹೇಳಿತು.

ಆದರೆ ಒಂದು ಕಡೆ ದಾರಿ ಇನ್ನೂ ಕಿರಿದಾಗಿದೆ. ಈ ಹಾರ್ಮೋನ್ ಔಷಧಿಗಳು ಗರ್ಭ ನಿಲ್ಲುವುದನ್ನೂ ತಡೆಯುತ್ತವೆ. ನೋವೂ ಇಳಿಯಬೇಕು, ಈ ವರ್ಷವೇ ಮಗುವೂ ಬೇಕು ಎನ್ನುವವಳ ಮುಂದೆ ನೋವಿನ ಮಾತ್ರೆ, ಸರ್ಜರಿ, ಐವಿಎಫ್ ಇಷ್ಟೇ ಇವೆ.