ಬುಲಾಲೋ: ಉರಿಗೆ ಬಗ್ಗದ ಮಾಂಸ ಹೊತ್ತಿಗೆ ಬಗ್ಗುತ್ತದೆ

ಫಿಲಿಪೀನ್ಸ್‌ನ ಲೂಜಾನ್ ದ್ವೀಪದ ದಕ್ಷಿಣ ಭಾಗದಲ್ಲಿರುವ ಬಟಾಂಗಾಸ್ ಪ್ರಾಂತ್ಯವು ದನಗಳಿಗೂ ಬುಲಾಲೋ ಎಂಬ ಸಾರಿಗೂ ಹೆಸರುವಾಸಿ. ನಲ್ಲಿ ಮೂಳೆಯ ಸಮೇತ ಅಡ್ಡಕ್ಕೆ ಕೊಯ್ದ ದನದ ಮೀನಖಂಡದ ತುಂಡುಗಳನ್ನು ಈರುಳ್ಳಿ ಮತ್ತು ಇಡೀ ಕಾಳುಮೆಣಸಿನೊಂದಿಗೆ ಗಂಟೆಗಟ್ಟಲೆ ಬೇಯಿಸಿ, ಕೊನೆಯಲ್ಲಿ ಮುಸುಕಿನ ಜೋಳದ ತೆನೆ, ಎಲೆಕೋಸು, ಪೆಚಾಯ್ ಸೊಪ್ಪು ಹಾಕಿ ಇಳಿಸುವ ಈ ಅಡುಗೆಯಲ್ಲಿ ಮಸಾಲೆ ಅರೆಯುವ ಕೆಲಸವೇ ಇಲ್ಲ. ದುಬೈಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಬಟಾಂಗಾಸ್‌ನ ಹಿರಿಯ ಹೆಂಗಸೊಬ್ಬರು ಇದನ್ನು ನನಗೆ ಕಲಿಸಿದರು. ಬೇಗ ಮುಗಿಯಲೆಂದು ನಾನು ಮೊದಲ ಸಲ ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿ, ಒಂದು ಗಂಟೆಯ ಬಳಿಕ ಚಮಚದಿಂದ ಒತ್ತಿ ನೋಡಿದರೆ, ಮಾಂಸ ಹಸಿಯಾಗಿದ್ದಾಗಿನದಕ್ಕಿಂತ ಗಟ್ಟಿಯಾಗಿತ್ತು. ಅವರು ಬಂದು ನೋಡಿ, ಏನೂ ಹೇಳದೆ ಉರಿಯನ್ನು ಸಣ್ಣದು ಮಾಡಿ ಹೊರಟುಹೋದರು.

ಜೋರಾಗಿ ಕುದಿಸಿದರೆ ಬೇಗ ಬೇಯುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಭೌತವಿಜ್ಞಾನ ಓದಿದವರೂ ಒಲೆಯ ಮುಂದೆ ನಿಂತಾಗ ಅದನ್ನು ಮರೆಯುವುದಿಲ್ಲ. ತೆರೆದ ಪಾತ್ರೆಯಲ್ಲಿ ಸಣ್ಣಗೆ ಗುಳುಗುಳು ಎನ್ನುವ ನೀರೂ ಉಕ್ಕಿ ಕುದಿಯುವ ನೀರೂ ಹೆಚ್ಚುಕಡಿಮೆ ಒಂದೇ ಬಿಸಿ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಹೆಚ್ಚುವರಿ ಉರಿಯೆಲ್ಲ ಆವಿಯಾಗಿ ಹೊರಟುಹೋಗುತ್ತದೆ. ನೀರನ್ನು 0ಯಿಂದ 100 ಡಿಗ್ರಿಗೆ ಏರಿಸಲು ಬೇಕಾದುದರ ಐದು ಪಟ್ಟಿಗೂ ಹೆಚ್ಚು ಶಾಖ ಅದನ್ನು ಪೂರ್ತಿ ಆವಿಯಾಗಿಸಲು ಖರ್ಚಾಗುತ್ತದೆ. ಅದರ ಮೇಲೆ ಕುದಿಯ ಹೊಡೆತಕ್ಕೆ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆತು, ತಿಳಿಯಾಗಿರಬೇಕಾದ ಸಾರು ಕದಡಿದ ಗಂಜಿಯಂತಾಗುತ್ತದೆ.

ಹಾಗಾದರೆ ಮಾಂಸ ಮೆತ್ತಗಾಗುವುದು ಹೇಗೆ? ದಿನವಿಡೀ ದನದ ಭಾರ ಹೊರುವ ಕಾಲಿನ ಈ ತುಂಡಿನಲ್ಲಿ ಒಂದಕ್ಕೊಂದು ವಿರುದ್ಧ ಸ್ವಭಾವದ ಎರಡು ವಸ್ತುಗಳಿವೆ. ಮೊದಲನೆಯದು ಸ್ನಾಯುವಿನ ಎಳೆ. ಸುಮಾರು 50 ಡಿಗ್ರಿಯಿಂದಲೇ ಅದರ ಪ್ರೋಟೀನುಗಳು ಮುದುಡತೊಡಗಿ, 70 ದಾಟುವ ಹೊತ್ತಿಗೆ ಒದ್ದೆ ಬಟ್ಟೆ ಹಿಂಡಿದಂತೆ ನೀರನ್ನು ಹೊರಹಾಕುತ್ತವೆ. ಎರಡನೆಯದು ಆ ಎಳೆಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಎಂಬ ಪ್ರೋಟೀನು. ಇದೂ ಮೊದಮೊದಲು ಸೆಟೆದು ಕುಗ್ಗುತ್ತದೆ. ನನ್ನ ಚಮಚಕ್ಕೆ ಸಿಕ್ಕಿದ್ದು ಇವೆರಡೂ ಕುಗ್ಗಿದ ಆ ಹಂತ.

ಕೊಲಾಜೆನ್ ಎಂದರೆ ಮೂರೆಳೆಯ ಜಡೆ. ಜಡೆ ಎನ್ನುವುದಕ್ಕಿಂತ ತೆಂಗಿನ ನಾರಿನ ಹುರಿ ಎನ್ನುವುದು ಹೆಚ್ಚು ಸರಿ, ಏಕೆಂದರೆ ಒಂದೊಂದು ಎಳೆಗೂ ತನ್ನದೇ ತಿರುಪು ಇದ್ದು, ಮೂರೂ ಸೇರಿ ಇನ್ನೊಂದು ತಿರುಪು ಬೀಳುತ್ತದೆ. ಇಷ್ಟು ಬಿಗಿಯಾಗಿ ಹೊಸೆಯಲು ನಡುವೆ ಜಾಗವೆಲ್ಲಿಂದ ಬಂತು? ಮೂವರು ಕೂರುವ ಬಸ್ಸಿನ ಸೀಟಿನಲ್ಲಿ ಮೂರನೆಯವನು ಪುಟ್ಟ ಮಗುವಾದರೆ ಇಕ್ಕಟ್ಟಾಗದಂತೆ, ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಅಮೈನೋ ಆಮ್ಲ (ಪ್ರೋಟೀನಿನ ಎಳೆಯನ್ನು ಕಟ್ಟುವ ಮಣಿ) ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಆಗಿದ್ದು, ಅದು ಹುರಿಯ ಒಳಮೈಗೆ ಕೂರುತ್ತದೆ. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಜಗತ್ತಿಗೆ ತಿಳಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ರಾಮಚಂದ್ರನ್ ಈ ಕೆಲಸಕ್ಕೆ ಎಕ್ಸ್-ಕಿರಣಗಳಡಿ ಇಟ್ಟದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು. ನಮ್ಮ ವಿಜ್ಞಾನದ ಇಷ್ಟು ದೊಡ್ಡ ಸಂಗತಿ ಶಾಲೆಯ ಪುಸ್ತಕಗಳಲ್ಲಿ ಎಲ್ಲಿಯೋ ಮೂಲೆಯಲ್ಲಿ ಕೂತಿರುವುದು ನನಗೆ ಇಂದಿಗೂ ಬೇಸರದ ವಿಷಯ.

ಬಿಸಿ ನೀರಿನಲ್ಲಿ ಈ ಹುರಿಯನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳು ಕಳಚಿ, ಎಳೆಗಳು ಬಿಡಿಬಿಡಿಯಾಗಿ ಸಾರಿಗೆ ಇಳಿಯುತ್ತವೆ. ಹೀಗೆ ಬಿಚ್ಚಿಕೊಂಡ ಕೊಲಾಜೆನ್ನಿಗೇ ಜೆಲಾಟಿನ್ ಎಂದು ಹೆಸರು. ಆದರೆ ವಯಸ್ಸಾದ ದನದಲ್ಲಿ ಹುರಿಗೂ ಹುರಿಗೂ ನಡುವೆ ಗಟ್ಟಿಯಾದ ಅಡ್ಡಬಂಧಗಳು ಬೆಳೆದಿರುತ್ತವೆ. ಹಳೆಯ ಹಗ್ಗದ ಬಿಗಿದ ಗಂಟನ್ನು ಎಳೆದಷ್ಟೂ ಬಿಚ್ಚದಂತೆ, ಇವೂ ಅವಸರಕ್ಕೆ ಬಗ್ಗುವುದಿಲ್ಲ. ಮೂರು ಗಂಟೆಯಾದರೂ ಬೇಕು. ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೆ ಬಿಸಿಯೇರುವುದರಿಂದ ಕುಕ್ಕರಿನಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ವೇಗ ಬೇಕೆನ್ನುವವರು ಏರಿಸಬೇಕಾದದ್ದು ಕುದಿಯ ಅಬ್ಬರವನ್ನಲ್ಲ, ಉಷ್ಣತೆಯನ್ನು. ಮಾಂಸ ಕಡೆಗೆ ರಸಭರಿತ ಎನಿಸುವುದಕ್ಕೂ ಜೆಲಾಟಿನ್ನೇ ಕಾರಣ. ನೀರು ಕಳೆದುಕೊಂಡ ಎಳೆಗಳ ಸುತ್ತ ಅದು ಜಾರುವ ಲೇಪದಂತೆ ನಿಂತಿರುತ್ತದೆ.

ಇಲ್ಲಿ ಇನ್ನೊಂದು ನಂಬಿಕೆಯ ಮಾತು ಹೇಳಲೇಬೇಕು. ಮೂಳೆ ಮುರಿದವರಿಗೆ ನಮ್ಮಲ್ಲಿ ಕಾಲು ಸೂಪು ಕುಡಿಸುತ್ತಾರೆ. ಸಾರಿನ ಕೊಲಾಜೆನ್ ನೇರವಾಗಿ ಮಂಡಿಗೆ ಹೋಗಿ ಕೂರುತ್ತದೆ ಎನ್ನುವವರು ಈಗ ಅದನ್ನೇ ಪುಡಿ ಮಾಡಿ ಡಬ್ಬಿಯಲ್ಲಿ ಮಾರುತ್ತಾರೆ. ಹೊಟ್ಟೆಗೆ ಅಂಚೆಯಣ್ಣನ ಕೆಲಸ ಗೊತ್ತಿಲ್ಲ. ಅದು ಜೆಲಾಟಿನ್ನನ್ನು ಅಮೈನೋ ಆಮ್ಲಗಳಾಗಿ, ಕೆಲವೇ ಅಮೈನೋ ಆಮ್ಲಗಳ ತುಣುಕುಗಳಾದ ಸಣ್ಣ ಪೆಪ್ಟೈಡ್‌ಗಳಾಗಿ ಒಡೆದು ದೇಹದ ಸಮಸ್ತ ಖರ್ಚಿಗೆ ಒಪ್ಪಿಸುತ್ತದೆ. ಸಾಲದ್ದಕ್ಕೆ ಜೆಲಾಟಿನ್ನಿನಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯವಶ್ಯ ಅಮೈನೋ ಆಮ್ಲವೇ ಇಲ್ಲ. ಪ್ಯಾರಿಸ್ಸಿನ ಬಡವರಿಗೆ ಮೂಳೆಯ ಜೆಲಾಟಿನ್ ಉಣಿಸಿದರೆ ಸಾಕೇ ಎಂಬ ಪ್ರಶ್ನೆಯನ್ನು ನಾಯಿಗಳ ಮೇಲೆ ಪರೀಕ್ಷಿಸಿದ, ಫ್ರೆಂಚ್ ಶರೀರಶಾಸ್ತ್ರಜ್ಞ ಮಜಾಂದಿಯವರ ಸಮಿತಿ, ಬರೀ ಜೆಲಾಟಿನ್ನಿನಿಂದ ಪ್ರಾಣಿ ಬದುಕದೆಂದು 1841ರಲ್ಲೇ ವರದಿ ಕೊಟ್ಟಿತ್ತು. ಸಾರನ್ನು ರುಚಿಗಾಗಿ ಕುಡಿಯಲು ಯಾವ ಅಡ್ಡಿಯೂ ಇಲ್ಲ.

ಈಗ ನಾನು ತುಂಡುಗಳನ್ನು ಮೊದಲು ಹತ್ತು ನಿಮಿಷ ಕುದಿಸಿ, ಮೇಲೆ ಬಂದ ಬೂದುಬಣ್ಣದ ನೊರೆಯ ಸಮೇತ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಸಣ್ಣ ಉರಿಗೆ ಇಡುತ್ತೇನೆ. ಜೋಳದ ತೆನೆ ಕಡೆಯ ಇಪ್ಪತ್ತು ನಿಮಿಷಕ್ಕೆ, ಸೊಪ್ಪು ಕಡೆಯ ಎರಡು ನಿಮಿಷಕ್ಕೆ. ನಲ್ಲಿಯೊಳಗಿನ ಮಜ್ಜೆ ಬಹುಪಾಲು ಕೊಬ್ಬಾದ್ದರಿಂದ ಆರುವ ಮೊದಲೇ ಸಣ್ಣ ಚಮಚದಲ್ಲಿ ಕೆರೆದು, ಪಾತಿಸ್ ಎಂಬ ಮೀನಿನ ಸಾಸಿಗೆ ಕಲಮನ್ಸಿ ನಿಂಬೆ ಹಿಂಡಿಕೊಂಡು, ಅನ್ನದೊಂದಿಗೆ ತಿನ್ನಬೇಕು. ಉಳಿದ ಸಾರನ್ನು ಫ್ರಿಜ್ಜಿನಲ್ಲಿಟ್ಟರೆ ಬಿಚ್ಚಿದ ಎಳೆಗಳು ಅರೆಬರೆ ಮತ್ತೆ ಹೆಣೆದುಕೊಂಡು ನೀರನ್ನು ಬಲೆಯಲ್ಲಿ ಹಿಡಿಯುತ್ತವೆ. ಬೆಳಿಗ್ಗೆ ಪಾತ್ರೆಯನ್ನು ಅಲುಗಿಸಿದಾಗ ಸಾರು ತುಳುಕದೆ ನಡುಗಿದರೆ ಹಿಂದಿನ ದಿನ ಹೊತ್ತು ಸಾಕಾಗಿತ್ತೆಂದು ಅರ್ಥ. ತುಳುಕಿದರೆ ಮುಂದಿನ ಸಲ ಇನ್ನೊಂದು ಗಂಟೆ ಒಲೆಯ ಮೇಲಿರಲಿ.