ಜಂಬಿಟ್ಟಿಗೆ ಕಲ್ಲಿನ ತೂತು ಲಾವಾದ್ದಾ? ಮಲೆನಾಡಲ್ಲಿ ಜ್ವಾಲಾಮುಖಿ ಇತ್ತಾ?

ಪ್ರಶ್ನೆ: ಸಾಗರದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮೊನ್ನೆ ಒಂದು ಲೋಡು ಜಂಬಿಟ್ಟಿಗೆ ಬಂದು ಬಿತ್ತು. ಮಗಳು ಅದರ ತೂತುಗಳನ್ನು ನೋಡಿ, "ಅಪ್ಪಾ, ಇದು ಲಾವಾ ಕಲ್ಲು. ಟಿ.ವಿ.ಯಲ್ಲಿ ಹವಾಯಿ ದ್ವೀಪ ತೋರಿಸುವಾಗ ಹೀಗೇ ಇತ್ತು" ಅಂತಾಳೆ. ನಮ್ಮ ಕಡೆ ಯಾವಾಗಲಾದರೂ ಜ್ವಾಲಾಮುಖಿ ಇತ್ತಾ? ಇದ್ದರೆ ಮತ್ತೆ ಏಳಬಹುದಾ? ಬರೀ ದ್ವೀಪಗಳಲ್ಲೇ ಅದು ಯಾಕೆ ಜಾಸ್ತಿ?

ಉತ್ತರ: ಮೊದಲು ಕಲ್ಲಿನಿಂದಲೇ ಶುರು ಮಾಡೋಣ. ಅಂಗಳದ ರಾಶಿಯಿಂದ ಒಡೆದ ತುಂಡೊಂದನ್ನು ಎತ್ತಿಕೊಳ್ಳಿ. ತೂತಿನೊಳಗೆ ಕಡ್ಡಿ ಹಾಕಿ ಕೆರೆಯಿರಿ. ಹಳದಿ ಅಥವಾ ಬಿಳಿ ಜೇಡಿಮಣ್ಣು ಉದುರುತ್ತದೆ, ಅಲ್ವಾ? ಕಡ್ಡಿ ನೇರ ಹೋಗುವುದೂ ಇಲ್ಲ. ತೂತು ಹುತ್ತದ ದಾರಿಯ ಹಾಗೆ ಸೊಟ್ಟಸೊಟ್ಟ ತಿರುಗಿ ಇನ್ನೊಂದು ತೂತಿಗೆ ಸೇರಿರುತ್ತದೆ. ಲಾವಾ ಕಲ್ಲಿನ ತೂತು ಬೇರೆ. ಕರಗಿದ ಕಲ್ಲಿನೊಳಗಿನ ಅನಿಲ ಗುಳ್ಳೆಯಾಗಿ ಹೊರಬೀಳುವಷ್ಟರಲ್ಲಿ ಕಲ್ಲು ಗಟ್ಟಿಯಾಗಿಬಿಟ್ಟರೆ ಆ ಗುರುತು ಉಳಿಯುತ್ತದೆ. ದೋಸೆಯ ಮೇಲಿನ ಕಣ್ಣುಗಳ ಹಾಗೆ ದುಂಡಗಿರುತ್ತದೆ, ಒಳಗೆ ನಯವಾಗಿರುತ್ತದೆ.

ಜಂಬಿಟ್ಟಿಗೆಯ ತೂತು ಮಾಡಿದ್ದು ಮಳೆ. ಲಕ್ಷಗಟ್ಟಲೆ ವರ್ಷ ಬಿಸಿಲು, ಮಳೆ ಒಂದರ ಹಿಂದೆ ಒಂದು ಬಿದ್ದು, ಮೂಲ ಕಲ್ಲಿನಲ್ಲಿ ಕರಗುವಂಥದ್ದನ್ನೆಲ್ಲ ನೀರು ತೊಳೆದುಕೊಂಡು ಹೋಯಿತು. ಉಳಿದದ್ದು ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶ. ಆ ಕೆಂಪು ತುಕ್ಕಿನ ಬಣ್ಣ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವುದನ್ನು ಕಲ್ಲು ಕಡಿಯುವವರು ಚೆನ್ನಾಗಿ ಬಲ್ಲರು. ನಮ್ಮ ಇಕ್ಕೇರಿ, ನಗರದ ಕಡೆಯೂ ಓಡಾಡಿದ್ದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅನ್ನುವ ಪದದಿಂದ ಬಂದ ಹೆಸರು ಅದು. ನಮ್ಮವರ ಹೆಸರಿನಲ್ಲೂ ಇಟ್ಟಿಗೆಯೇ ಇದೆ.

ಹಾಗಾದರೆ ಮಗಳು ಹೇಳಿದ್ದು ಪೂರ್ತಿ ತಪ್ಪಾ? ಅಲ್ಲ. ಮಲೆನಾಡಿನಲ್ಲಿ ಜ್ವಾಲಾಮುಖಿಗಳು ನಿಜವಾಗಿಯೂ ಇದ್ದವು.

ಬಾಬಾಬುಡನ್‌ಗಿರಿಯಿಂದ ಶಿವಮೊಗ್ಗದವರೆಗೆ ಹಲವು ಕಡೆ ಕಪ್ಪುಹಸಿರು ಬಣ್ಣದ ಹಳೆಯ ಲಾವಾ ಪದರಗಳಿವೆ. ವಯಸ್ಸು 250 ಕೋಟಿ ವರ್ಷಕ್ಕಿಂತ ಜಾಸ್ತಿ. ಆಗ ಭೂಮಿಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಈ ಲಾವಾ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುತ್ತದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ. ಹೊರಮೈ ತಕ್ಷಣ ತಣಿದು ಚರ್ಮ ಕಟ್ಟುತ್ತದೆ, ಒಳಗಿನ ಬಿಸಿ ಲಾವಾ ಅದನ್ನು ಸೀಳಿಕೊಂಡು ಇನ್ನೊಂದು ಉಂಡೆಯಾಗಿ ಹೊರಗೆ ಬರುತ್ತದೆ. ಅಂದರೆ ಬಯಲುಸೀಮೆಯ ಆ ಒಣ ನೆಲ ಒಂದು ಕಾಲಕ್ಕೆ ಸಮುದ್ರದ ತಳ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನಿಮ್ಮ ಮನೆಗೆ ಬಂದ ಜಂಬಿಟ್ಟಿಗೆಯ ಮೂಲ ಕಲ್ಲು ಇಂಥ ಹಳೆಯ ಲಾವಾ ಆಗಿದ್ದರೂ ಆಗಿರಬಹುದು. ತೂತು ಮಾತ್ರ ಮಳೆಯದೇ.

ಇನ್ನೂ ಒಂದು ಗುರುತು ಘಟ್ಟದ ಕೆಳಗಿದೆ. ಶಾಲೆಯ ಪ್ರವಾಸದಲ್ಲಿ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳಿವೆ. ಹತ್ತಿರ ಹೋಗಿ ತಲೆಭಾಗ ನೋಡಿದರೆ ಐದು, ಆರು ಮೂಲೆ ಕಾಣುತ್ತದೆ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿದಾಗ ಆಗುವ ವಿನ್ಯಾಸವೇ ಇದು. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಬಿಸಿ ಕಳೆದುಕೊಂಡು ಕುಗ್ಗುತ್ತದೆ. ಬಿರುಕು ಮೇಲಿನಿಂದ ಕೆಳಗೆ ಇಳಿದಂತೆ ಕಂಬವಾಗುತ್ತದೆ. ಅದು ಉಕ್ಕಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋಗುವ ಕಾಲದಲ್ಲಿ. ಆ ಕಂಬಗಳ ಮಧ್ಯೆ ನಿಂತಾಗ ಈ ಮಾತು ನೆನಪಾದರೆ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

ಮತ್ತೆ ಏಳುತ್ತದಾ ಅಂದರೆ, ಇಲ್ಲ. ನೀವು ಮನೆ ಕಟ್ಟಿಸಿ. ಜ್ವಾಲಾಮುಖಿಗೆ ಕೆಳಗಿನಿಂದ ಕರಗಿದ ಕಲ್ಲು ಬರುತ್ತಲೇ ಇರಬೇಕು. ನಮ್ಮ ಕೆಳಗಿರುವುದು ತಣ್ಣಗಾಗಿ ಗಟ್ಟಿಯಾದ, ತುಂಬ ದಪ್ಪದ ಹಳೆಯ ತಳಪಾಯ. ಒಲೆ ಬೇರೆ ಕಡೆ ಇದೆ.

ಆ ಒಲೆಯ ಕತೆ ಹೇಳಲೇಬೇಕು. ಹಿಂದೂ ಮಹಾಸಾಗರದಲ್ಲಿ, ನಮ್ಮಿಂದ ನೈಋತ್ಯಕ್ಕೆ ನಾಲ್ಕು ಸಾವಿರ ಕಿ.ಮೀ.ಗೂ ದೂರದಲ್ಲಿ ರಿಯೂನಿಯನ್ ಅಂತ ಒಂದು ಸಣ್ಣ ದ್ವೀಪವಿದೆ. ಅಲ್ಲಿನ ಜ್ವಾಲಾಮುಖಿಯ ಹೆಸರಿನ ಅರ್ಥ 'ಕುಲುಮೆಯ ಶಿಖರ'. ಜಗತ್ತಿನಲ್ಲಿ ಅತಿ ಹೆಚ್ಚು ಸಲ ಉಕ್ಕುವ ಜ್ವಾಲಾಮುಖಿಗಳಲ್ಲಿ ಅದೂ ಒಂದು. ಸುಮಾರು 6.6 ಕೋಟಿ ವರ್ಷದ ಹಿಂದೆ ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಮಹಾರಾಷ್ಟ್ರದ ಉದ್ದಗಲಕ್ಕೂ ಲಾವಾ ಹರಡಿತಲ್ಲ, ಗೋಳಗುಮ್ಮಟ ಕಟ್ಟಿದ್ದು ಆ ಕಪ್ಪುಕಲ್ಲಿನಿಂದಲೇ. ಆ ಲಾವಾ ಉಕ್ಕಿಸಿದ್ದು ಇವತ್ತು ರಿಯೂನಿಯನ್ ಕೆಳಗಿರುವ ಬೆಂಕಿಯೇ ಎಂದು ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ. ಒಲೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಮೇಲಿನ ಕಾವಲಿ, ಅಂದರೆ ನಮ್ಮ ನೆಲ, ಉತ್ತರಕ್ಕೆ ಸರಿದುಹೋಗಿದೆ. ಸರಿಯುವಾಗ ಬಿದ್ದ ಸುಟ್ಟ ಗುರುತುಗಳು ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಎಂದು ಸಮುದ್ರದೊಳಗೆ ಸಾಲಾಗಿ ಸಿಗುತ್ತವೆ. ಹವಳದ ದ್ವೀಪಗಳ ಅಡಿಯಲ್ಲೂ ಹಳೆಯ ಲಾವಾ ಇದೆ.

ದ್ವೀಪಗಳಲ್ಲೇ ಯಾಕೆ ಜಾಸ್ತಿ ಅನ್ನುವುದಕ್ಕೂ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಸಮುದ್ರದ ಮಧ್ಯೆ ಬೆಂಕಿ ಉಕ್ಕಿ ಉಕ್ಕಿಯೇ ಆ ದ್ವೀಪ ಹುಟ್ಟಿರುತ್ತದೆ. ಇನ್ನರ್ಧ ಇಂಡೋನೇಷ್ಯಾ, ಜಪಾನ್, ಫಿಲಿಪ್ಪೀನ್ಸ್‌ನಂಥ ಕಡೆಗಳದ್ದು. ಅಲ್ಲಿ ಭೂಮಿಯ ಗಟ್ಟಿ ಹೊರಪದರದ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತದೆ. ಜೊತೆಗೆ ಒಯ್ದ ನೀರು ಆಳದ ಬಿಸಿ ಕಲ್ಲಿಗೆ ಸೇರಿದಾಗ ಕಲ್ಲು ಬೇಗ ಕರಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ ಇದೇ ಜಾತಿಯದು. ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿ.ಮೀ. ದೂರ, ಜನವಸತಿ ಇಲ್ಲ. ದೀರ್ಘಕಾಲ ಸುಮ್ನಿದ್ದು 1991ರಲ್ಲಿ ಮತ್ತೆ ಎದ್ದಿತು. ಭಾರತದಲ್ಲಿ ಈಗ ಜೀವಂತವಾಗಿರುವ ಜ್ವಾಲಾಮುಖಿ ಅದೊಂದೇ.

ಇಂಥ ದ್ವೀಪಗಳಲ್ಲಿ ಲಕ್ಷಾಂತರ ಜನ ತೋಟ, ಮನೆ ಮಾಡಿಕೊಂಡಿದ್ದಾರೆ. ಅವರು ಮಲಗಿ ನಿದ್ದೆ ಮಾಡುವುದು ಯಾರೋ ರಾತ್ರಿ ಹಗಲು ಬೆಟ್ಟಕ್ಕೆ ಕಿವಿಕೊಟ್ಟು ಕೂತಿರುವುದರಿಂದ. ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ನಮ್ಮೂರಿನದೇ ಒಂದು ರಾತ್ರಿ ನೆನಪಿಸುತ್ತೇನೆ.

2021ರ ಜನವರಿ 21. ರಾತ್ರಿ ಹತ್ತು ಗಂಟೆ ದಾಟಿತ್ತು. ಕಿಟಕಿ ಗಾಜು ಗಡಗಡ ಅಂದವು, ಶಿವಮೊಗ್ಗದ ಜನ ಬೀದಿಗೆ ಬಂದು ನಿಂತರು. ಎಲ್ಲರ ಬಾಯಲ್ಲೂ ಭೂಕಂಪ ಅಂತಲೇ. ಆಮೇಲೆ ಗೊತ್ತಾಯಿತು, ಹುಣಸೋಡಿನ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದು ಜೀವಗಳು ಹೋಗಿದ್ದವು. ನಮ್ಮ ಕಾಲಿಗೆ ಎರಡೂ ಒಂದೇ ಥರ ಅನಿಸುತ್ತದೆ. ಕಂಪನ ಅಳೆಯುವ ಯಂತ್ರಕ್ಕೆ ಹಾಗಲ್ಲ. ಸ್ಫೋಟದಲ್ಲಿ ಮೊದಲ ಹೊಡೆತ ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುವುದರಿಂದ ಕೆಲವು ದಿಕ್ಕಿಗೆ ತಳ್ಳಿದ ಹಾಗೆ, ಕೆಲವು ದಿಕ್ಕಿಗೆ ಎಳೆದ ಹಾಗೆ ದಾಖಲಾಗುತ್ತದೆ. ಜ್ವಾಲಾಮುಖಿಯದು ಮೂರನೇ ಥರದ ದನಿ. ಕರಗಿದ ಕಲ್ಲು, ಅನಿಲ ಬಿರುಕುಗಳಲ್ಲಿ ನುಗ್ಗುವಾಗ ಬಿಡದೆ ಗುಂಯ್ ಅನ್ನುತ್ತಿರುತ್ತದೆ. ನಲ್ಲಿಗೆ ನೀರು ಬರುವ ಮುಂಚೆ ಪೈಪು ಗೊರಗುಟ್ಟುತ್ತದಲ್ಲ, ಹಾಗೆ.

ಸ್ಪೇನ್ ದೇಶದ ಲಾ ಪಾಲ್ಮಾ ದ್ವೀಪದಲ್ಲಿ 2021ರ ಸೆಪ್ಟೆಂಬರ್ 11ರಿಂದ ಸಣ್ಣ ಸಣ್ಣ ಕಂಪನಗಳು ಸಾವಿರಗಟ್ಟಲೆ ಶುರುವಾದವು. ದಿನ ಕಳೆದಂತೆ ಅವು ಹುಟ್ಟುವ ಜಾಗ ಮೇಲಕ್ಕೆ ಬರತೊಡಗಿತು. ಜೊತೆಗೇ ನೆಲ ಉಬ್ಬಿತು, ಹಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ. ಕಣ್ಣಿಗೆ ಕಾಣುವಷ್ಟಲ್ಲ, ಹತ್ತಾರು ಸೆಂಟಿಮೀಟರ್. ಜಿಪಿಎಸ್ ಮತ್ತು ಉಪಗ್ರಹದ ರೇಡಾರ್ ಚಿತ್ರಗಳು ಅದನ್ನು ಹಿಡಿದವು. ಎಂಟೇ ದಿನಕ್ಕೆ, 19ರಂದು, ಬೆಟ್ಟದ ಪಕ್ಕೆ ಸೀಳಿ ಬೆಂಕಿ ಬಂತು. 85 ದಿನ ಉರಿಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಕಟ್ಟಡಗಳು, ಎಕರೆಗಟ್ಟಲೆ ಬಾಳೆತೋಟ ಲಾವಾದ ಅಡಿಗೆ ಹೋದವು. ಆದರೆ ಸುಮಾರು ಏಳು ಸಾವಿರ ಜನರನ್ನು ಬೇರೆ ಕಡೆ ಸಾಗಿಸಿದ್ದರಿಂದ ಜೀವಗಳು ಉಳಿದವು. ತೋಟ ಕಳೆದುಕೊಳ್ಳುವುದು ಅಂದರೆ ಏನು ಅಂತ ಅಡಿಕೆ ಬೆಳೆಯುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಉಸಿರನ್ನೂ ಅಳೆಯುತ್ತಾರೆ. ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪದಲ್ಲಿ ಪಿನಟುಬೊ ಬೆಟ್ಟ ಸುಮಾರು 500 ವರ್ಷ ಮಲಗಿತ್ತು. 1991ರ ಮೇ ತಿಂಗಳಲ್ಲಿ ಅದು ಬಿಡುವ ಸಲ್ಫರ್ ಡೈಆಕ್ಸೈಡ್ ಎರಡೇ ವಾರದಲ್ಲಿ ದಿನಕ್ಕೆ 500 ಟನ್‌ನಿಂದ 5,000 ಟನ್‌ಗೆ ಏರಿತು. ಹೊಸ ಲಾವಾ ಮೇಲೆ ಬರುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಹತ್ತಾರು ಸಾವಿರ ಜನರನ್ನು ತೆರವು ಮಾಡಿಸಿದರು. ಜೂನ್ 15ರಂದು ಬೆಟ್ಟ ಸಿಡಿಯಿತು. ಸಾವಿರಾರು ಜೀವ ಉಳಿದದ್ದು ಈ ಲೆಕ್ಕಾಚಾರದಿಂದ.

ಆದರೂ ಅಂದು ಕೆಲವು ನೂರು ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಲಾವಾ ಅಲ್ಲ, ಮನೆಯ ಮಾಡು. ಅದೇ ದಿನ ಚಂಡಮಾರುತ ಬಂದಿತ್ತು. ಬೂದಿಯ ಮೇಲೆ ಮಳೆ ಬಿದ್ದು, ಒದ್ದೆ ಬೂದಿಯ ಭಾರಕ್ಕೆ ಮಾಡು ಕುಸಿಯಿತು. ಆಮೇಲೆ ಎಷ್ಟೋ ವರ್ಷ, ಮಳೆಗಾಲ ಬಂದಾಗಲೆಲ್ಲ ಆ ಬೂದಿ ಕೆಸರಾಗಿ ಹೊಳೆಯಲ್ಲಿ ಇಳಿದು ಊರುಗಳನ್ನು ಮುಚ್ಚಿತು.

ನಿಮ್ಮ ಪ್ರಶ್ನೆ ಮಲೆನಾಡಿಗೆ ನಿಜವಾಗಿ ತಾಗುವುದು ಇಲ್ಲಿ. ಜ್ವಾಲಾಮುಖಿ ದ್ವೀಪ ಅಂದರೆ ಬೂದಿ, ಲಾವಾ ಪೇರಿಸಿದ ರಾಶಿ. ಅದು ಬೆಂಕಿಯಿಂದ ಎಷ್ಟು ಕೊಲ್ಲುತ್ತದೋ, ಜರಿದು ಬೀಳುವುದರಿಂದಲೂ ಅಷ್ಟೇ ಕೊಲ್ಲಬಲ್ಲದು. ಇಂಡೋನೇಷ್ಯಾದ ಅನಕ್ ಕ್ರಕಟೌ ಅಂದರೆ 'ಕ್ರಕಟೌನ ಮಗು'. 1883ರಲ್ಲಿ ಸಿಡಿದ ಕ್ರಕಟೌ ಇದ್ದ ಜಾಗದಲ್ಲೇ ಮತ್ತೆ ಬೆಳೆದ ಬೆಟ್ಟ. 2018ರ ಡಿಸೆಂಬರ್ 22ರ ರಾತ್ರಿ ಅದರ ಒಂದು ಮಗ್ಗುಲು ಸಮುದ್ರಕ್ಕೆ ಜರಿಯಿತು. 338 ಮೀಟರ್ ಎತ್ತರದ ಬೆಟ್ಟ 110 ಮೀಟರಿಗೆ ಇಳಿಯಿತು. ಎದ್ದ ಸುನಾಮಿಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿನ ಸುನಾಮಿ ಎಚ್ಚರಿಕೆ ವ್ಯವಸ್ಥೆ ದೊಡ್ಡ ಭೂಕಂಪಕ್ಕೆ ಕಾಯುವಂಥದ್ದು, ಆ ರಾತ್ರಿ ಅಂಥ ಭೂಕಂಪವೇ ಆಗಲಿಲ್ಲ. ಆ ಮಗ್ಗುಲು ಹೀಗೆ ಜರಿಯಬಹುದು ಎಂದು 2012ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿ ಪ್ರಕಟಿಸಿದ್ದರು. ಗೊತ್ತಿದ್ದದ್ದು ದಡದ ಜನರಿಗೆ ಸಮಯಕ್ಕೆ ಮುಟ್ಟಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ರಿಯೂನಿಯನ್ನಿಗೇ ಮರಳಿ ಬರುತ್ತೇನೆ. 24 ಗಂಟೆಯಲ್ಲಿ ಅತಿ ಹೆಚ್ಚು ಮಳೆ ಬಿದ್ದ ವಿಶ್ವದಾಖಲೆ ಆ ದ್ವೀಪದ್ದು. 1966ರ ಜನವರಿಯಲ್ಲಿ ಅಲ್ಲಿನ ಫಾಕ್‌ಫಾಕ್ ಎಂಬಲ್ಲಿ ಒಂದೇ ದಿನಕ್ಕೆ 1,825 ಮಿಲಿಮೀಟರ್. ನಮ್ಮ ಆಗುಂಬೆಗೆ ಇಡೀ ವರ್ಷದಲ್ಲಿ ಬೀಳುವುದರ ಸುಮಾರು ಕಾಲು ಭಾಗ! ಅಲ್ಲಿನ ಸಲಾಜಿ ಕಣಿವೆಯಲ್ಲಿ ಜನವಸತಿ ಇರುವ ಗುಡ್ಡಗಳೇ ನಿಧಾನಕ್ಕೆ ಜಾರುತ್ತಿವೆ. ಜಿಪಿಎಸ್ ಇಟ್ಟು ಅದನ್ನು ಅಳೆಯುತ್ತಿರುತ್ತಾರೆ.

ನಮ್ಮಲ್ಲಿ ಬೂದಿಯ ಬದಲು ಜಂಬಿಟ್ಟಿಗೆ, ಅದರ ಅಡಿಗೆ ಮೆತ್ತನೆಯ ಜೇಡಿಮಣ್ಣು. ಮೇಲಿನ ತೂತುಗಳಿಂದ ನೀರು ಸಲೀಸಾಗಿ ಇಳಿಯುತ್ತದೆ, ಜೇಡಿಯ ಹತ್ತಿರ ತಡೆದು ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಾಗ ಹಿಡಿತ ತಪ್ಪುತ್ತದೆ. ರಸ್ತೆಗೋ ಮನೆಗೋ ಅಂತ ಬುಡವನ್ನು ನೇರ ಕಡಿದಿದ್ದರೆ ಕೇಳುವುದೇ ಬೇಡ. ನಾವು ಧರೆ ಕುಸಿಯಿತು, ಗುಡ್ಡ ಜರಿಯಿತು ಅನ್ನುವುದು ಇದಕ್ಕೇ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು, ಎಲ್ಲ ಕಡೆ ಮುಂಚೆ ಸುರಿದದ್ದು ಜಡಿಮಳೆ.

ಹಾಗಾಗಿ ನಿಮ್ಮ ಮನೆಯ ವಿಚಾರದಲ್ಲಿ ನಾನು ಕೇಳುವುದು ಒಂದೇ: ಹಿಂದಿನ ಧರೆ ಎಷ್ಟು ಎತ್ತರ ಕಡಿಸಿದ್ದೀರಿ? ನೇರ ಗೋಡೆಯ ಹಾಗಿದ್ದರೆ ಮಳೆಗಾಲಕ್ಕೆ ಮುಂಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಸಿ. ಮೇಲಿನ ನೀರು ಧರೆಯ ಮೇಲೆ ಹರಿಯದ ಹಾಗೆ ಚರಂಡಿ ತಿರುಗಿಸಿ. ಧರೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಂತು, ಮರ ವಾಲಿತು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾಯಿತು ಅಂದರೆ ಬೆಳಗಾಗುವ ತನಕ ಕಾಯಬೇಡಿ. ಆ ರಾತ್ರಿಯೇ ಎಲ್ಲರನ್ನೂ ಕರೆದುಕೊಂಡು ಬೇರೆ ಕಡೆ ಮಲಗಿ.

ಮಗಳಿಗೆ ನಿಜವಾದ ಲಾವಾ ಮುಟ್ಟಿಸಬೇಕಾದರೆ ಮಲ್ಪೆಗೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಅದು ಕಳೆದ ಮೇಲೆ ಹೋಗಿ. ಅಲ್ಲಿಂದ ಕಲ್ಲು ತರುವ ಹಾಗಿಲ್ಲ, ಆದರೆ ಒಂದು ಜಂಬಿಟ್ಟಿಗೆ ಚೂರನ್ನು ಅವಳ ಚೀಲದಲ್ಲಿ ಇಟ್ಟು ಕಳಿಸಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಅವಳೇ ನೋಡಲಿ. ಏನು ಕಂಡಿತು ಅಂತ ನನಗೂ ಬರೆದು ತಿಳಿಸಲು ಹೇಳಿ.