ಚಿಕ್ಕ ಆರ್‌ಸಿ ಕ್ರಾಲರ್ ಬಂಡೆ ಹತ್ಬೇಕು ಅಂದ್ರೆ ತೂಕ ಎಲ್ಲಿರ್ಬೇಕು

ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಅಂತ ಒಂದು ಪುಟಾಣಿ ರಿಮೋಟ್ ಕಾರಿದೆ, 1:24 ಸ್ಕೇಲು (ನಿಜವಾದ ಗಾಡಿಯ 24ರಲ್ಲಿ ಒಂದು ಭಾಗದ ಅಳತೆ), ಎರಡು ಅಂಗೈ ಜೋಡಿಸಿದ್ರೆ ಅದ್ರಲ್ಲೇ ಕೂರುತ್ತೆ, ಓಡೋಕಲ್ಲ, ಕಲ್ಲು ಬಂಡೆ ಹತ್ತೋಕೇ ಅಂತ ಮಾಡಿರೋದು, ಇಂಥ ಗಾಡಿಗೇ ಕ್ರಾಲರ್ ಅನ್ನೋದು. ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ, ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಲಾಕ್ ಆಗೇ ಇರುತ್ತೆ, ಹಾಗಾಗಿ ಒಂದು ಚಕ್ರ ಗಾಳೀಲಿದ್ರೂ ಅದೇ ಆಕ್ಸಲ್‌ನ (ಚಕ್ರ ಜೋಡಿಸೋ ಅಚ್ಚಿನ) ಇನ್ನೊಂದು ಚಕ್ರ ಎಳೀತಾನೇ ಇರುತ್ತೆ. ಇದನ್ನ ತಗೊಂಡೋರು ಬಹಳ ಜನ ಮೊದ್ಲು ಕೇಳೋದು ಯಾವ ಮೋಟರ್ ಹಾಕ್ಲಿ ಅಂತ. ನಾನಂತೂ ಮೋಟರ್ ಕೊನೇಗಿಟ್ಕೊಳ್ಳಿ ಅಂತೀನಿ, ಯಾಕಂದ್ರೆ ಇಷ್ಟು ಚಿಕ್ಕ ಗಾಡಿ ಹತ್ತದೇ ನಿಲ್ಲೋದು ಹೆಚ್ಚಾಗಿ ಶಕ್ತಿ ಸಾಲದೇ ಅಲ್ಲ, ತೂಕ ತಪ್ಪು ಜಾಗದಲ್ಲಿರೋದ್ರಿಂದ.

ಒಂದು ಸಣ್ಣ ಲೆಕ್ಕ ನೋಡೋಣ. ಮುಂದಿನ ಹಿಂದಿನ ಆಕ್ಸಲ್ ನಡುವೆ 13 ಸೆಂ.ಮೀ., ಗಾಡಿ ತೂಕ 330 ಗ್ರಾಮ್, ಗುರುತ್ವ ಕೇಂದ್ರ (ಇಡೀ ತೂಕ ಸೇರಿದೆ ಅಂತ ಲೆಕ್ಕ ಹಿಡಿಯೋ ಬಿಂದು) ಸರಿಯಾಗಿ ಮಧ್ಯದಲ್ಲಿ ನೆಲದಿಂದ 4 ಸೆಂ.ಮೀ. ಮೇಲಿದೆ ಅಂತ ಇಟ್ಕೊಳ್ಳಿ. ಸಮ ನೆಲದಲ್ಲಿ ಮುಂದೆ ಅರ್ಧ ಭಾರ ಹಿಂದೆ ಅರ್ಧ ಭಾರ. ಅದೇ ಗಾಡಿ 45 ಡಿಗ್ರಿ ಇಳಿಜಾರು ಹತ್ತುವಾಗ ಮುಂದಿನ ಚಕ್ರಗಳು ಕಲ್ಲನ್ನ ಒತ್ತೋ ಪಾಲು ಬರೀ 19% ಆಗೋಗುತ್ತೆ, ಉಳಿದ 81% ಪೂರ್ತಿ ಹಿಂದೆ. ಒತ್ತಡ ಕಮ್ಮಿ ಇರೋ ಚಕ್ರಕ್ಕೆ ಹಿಡಿತ ಎಲ್ಲಿಂದ ಬರ್ಬೇಕು ಹೇಳಿ, ಮುಂದಿನ ಚಕ್ರ ಕಲ್ಲನ್ನ ಸರಿಯಾಗಿ ಹಿಡಿದು ಎಳೆಯೋದೇ ಇಲ್ಲ, ಎಷ್ಟೇ ದೊಡ್ಡ ಮೋಟರ್ ಹಾಕಿದ್ರೂ ಆ ಹಿಡಿತ ಹೆಚ್ಚಲ್ಲ. 58 ಡಿಗ್ರಿ ದಾಟಿದ್ರೆ ಗಾಡಿ ಹಿಂದಕ್ಕೆ ಮಗುಚಿಕೊಳ್ಳುತ್ತೆ.

ಈಗ ಮುಂದಿನ ಆಕ್ಸಲ್‌ಗೆ 60 ಗ್ರಾಮ್ ಹಿತ್ತಾಳೆ ಸೇರಿಸಿ. ಹಿತ್ತಾಳೇನೇ ಯಾಕೆ ಅಂದ್ರೆ ಅದರ ಸಾಂದ್ರತೆ ನೀರಿನ ಎಂಟೂವರೆ ಪಟ್ಟು ಹತ್ರ, ಪ್ಲಾಸ್ಟಿಕ್‌ದು ಒಂದಕ್ಕಿಂತ ಸ್ವಲ್ಪ ಮೇಲೆ, ಅಲ್ಯೂಮಿನಿಯಮ್ ಕೂಡ 2.7 ಅಷ್ಟೇ. ಅಂದ್ರೆ ಅದೇ ಅಳತೆಯ ಪಾರ್ಟ್ ಬದಲಾಯಿಸಿದ್ರೆ ಸಾಕು, ಎಲ್ಲೂ ಹೆಚ್ಚು ಜಾಗ ತಿನ್ನಲ್ಲ. ಈ ಗಾಡಿಗೆ ಹಿತ್ತಾಳೆ ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ಎಡಬಲ ತಿರುಗೋಕೆ ಕೂರೋ ತುಂಡು), ಡಿಫ್ ಕವರ್ (ಡಿಫರೆನ್ಷಿಯಲ್ ಮುಚ್ಚಳ), ಚಕ್ರದೊಳಗೆ ಕೂರೋ ರಿಂಗು ಎಲ್ಲಾ ಸಿಗುತ್ತೆ. ಇಷ್ಟು ಹಾಕಿದ್ಮೇಲೆ ಗುರುತ್ವ ಕೇಂದ್ರ 1 ಸೆಂ.ಮೀ. ಮುಂದೆ ಬರುತ್ತೆ, 2 ಮಿ.ಮೀ. ಕೆಳಗಿಳಿಯುತ್ತೆ, ಕೇಳೋಕೆ ಏನೂ ಅಲ್ಲ ಅನ್ಸುತ್ತೆ ಆದ್ರೆ ಅದೇ 45 ಡಿಗ್ರಿಯಲ್ಲಿ ಮುಂದಿನ ಪಾಲು 19ರಿಂದ 28%ಗೆ ಏರುತ್ತೆ, ಮಗುಚೋ ಕೋನ 63 ಡಿಗ್ರಿಗೆ ಹೋಗುತ್ತೆ. ಅದೇ 60 ಗ್ರಾಮ್‌ನ ಹಿಂದಿನ ಆಕ್ಸಲ್‌ಗೆ ಹಾಕಿದ್ರೆ ಮುಂದಿನ ಪಾಲು 13%ಗೆ ಕುಸಿಯುತ್ತೆ! ಹಿತ್ತಾಳೆ ಒಳ್ಳೇದಂತೆ ಅಂತ ಎಲ್ಲಾ ಕಡೆ ತುಂಬ್ಬಾರ್ದು ಅನ್ನೋದು ಇದಕ್ಕೇ. ಟಾಪ್ ಮೇಲೆ ಪುಟಾಣಿ ಡಬ್ಬ, ಜಾಕು, ಲೈಟು ಅಂತ ಅಲಂಕಾರ ಮಾಡೋದು ಚೆಂದ ನಿಜ, ಆದ್ರೆ ಅಲ್ಲಿ ಕೂರೋ ಪ್ರತಿ ಗ್ರಾಮೂ ಪಕ್ಕಕ್ಕೆ ಉರುಳೋಕೆ ಸಹಾಯ ಮಾಡುತ್ತೆ. ದೊಡ್ಡ ಕಾರಲ್ಲಿ ಚಕ್ರ, ಆಕ್ಸಲ್ ತೂಕ ಜಾಸ್ತಿಯಾದ್ರೆ ಸ್ಪ್ರಿಂಗ್ ಕೆಲಸ ಕೆಡುತ್ತೆ ಅಂತಾರಲ್ಲ, ಅದು ವೇಗದಲ್ಲಿ ಹೋಗುವಾಗ, ಇರುವೆ ಥರ ಹತ್ತೋ ಗಾಡಿಗೆ ಅದರ ಚಿಂತೆ ಬೇಡ.

ದುಡ್ಡು ಖರ್ಚೇ ಇಲ್ಲದ ದಾರಿ ಒಂದಿದೆ, ಬ್ಯಾಟರಿ ಜಾಗ ಬದಲಾಯಿಸೋದು. 20–25 ಗ್ರಾಮ್ ಬ್ಯಾಟರಿನ 5 ಸೆಂ.ಮೀ. ಮುಂದೆ ತಂದು ಆದಷ್ಟು ಕೆಳಗೆ ಕಟ್ಟಿದ್ರೆ ಗುರುತ್ವ ಕೇಂದ್ರ 3–4 ಮಿ.ಮೀ. ಮುಂದೆ ಬರುತ್ತೆ, ಮೊದ್ಲು ಇದನ್ನ ಮಾಡಿ ಆಮೇಲೆ ಹಿತ್ತಾಳೆ ಕಡೆ ನೋಡಿ.

ಇನ್ನು ಟೈರು, ಇಲ್ಲೇ ನಂಗೆ ಅತಿ ಇಷ್ಟವಾದ ವಿಜ್ಞಾನ ಇರೋದು. ಹೋಲಿಕೆಗೆ ಒಂದು ದೊಡ್ಡ ಗಾಡಿ ತಗೊಳ್ಳೋಣ, ನಿಜವಾದ ನಾಲ್ಕು ಬಾಗಿಲ ಜೀಪ್ ರ‍್ಯಾಂಗ್ಲರ್ ಸುಮಾರು 2 ಟನ್. ಉದ್ದ ಅಗಲ ಎತ್ತರ ಮೂರನ್ನೂ 24ರಲ್ಲಿ ಒಂದು ಭಾಗ ಮಾಡಿದ್ರೆ ತೂಕ 13,824ರಲ್ಲಿ ಒಂದು ಭಾಗ ಆಗುತ್ತೆ, ಅಂದ್ರೆ 145 ಗ್ರಾಮ್. ಆದ್ರೆ ಟೈರು ನೆಲ ಮುಟ್ಟೋ ಜಾಗ ಇಳಿಯೋದು 576 ಪಟ್ಟು ಮಾತ್ರ. ನಮ್ಮ ಗಾಡಿ 330 ಗ್ರಾಮ್ ಇದ್ರೂ ಟೈರಿನ ಕೆಳಗಿನ ಒತ್ತಡ ನಿಜವಾದ ಜೀಪಿನ ಹತ್ತನೇ ಒಂದು ಭಾಗದಷ್ಟಾಗುತ್ತೆ. ರಬ್ಬರ್‌ಗೆ ಮಾತ್ರ ತಾನು ಚಿಕ್ಕವನಾದೆ ಅಂತ ಗೊತ್ತಿರಲ್ಲ, ಅದೇ ಗಡಸು ಇರುತ್ತೆ, ಹಾಗಾಗಿ ಕಲ್ಲಿನ ಏರುಪೇರಿಗೆ ಬಗ್ಗದೇ ಅಂಚಿನ ಮೇಲೇ ನಿಂತ್ಕೊಳ್ಳುತ್ತೆ. ಅದಕ್ಕೇ ಚಿಕ್ಕ ಕ್ರಾಲರ್‌ಗೆ ತೀರಾ ಮೆತ್ತನೆ ರಬ್ಬರಿನ ಟೈರು ಬೇಕು, ಒಳಗೆ ಮೃದು ಫೋಮು, ಗಾಳಿ ಸಿಕ್ಕಿಹಾಕಿಕೊಳ್ಳದ ಹಾಗೆ ಒಂದು ಸಣ್ಣ ತೂತು. ರಬ್ಬರ್ ಕಲ್ಲಿನ ಸಣ್ಣ ಸಣ್ಣ ಗುಳಿಗಳಿಗೆ ಇಳಿದಷ್ಟೂ ನಿಜವಾಗಿ ಮುಟ್ಟಿರೋ ಜಾಗ ಹೆಚ್ಚುತ್ತೆ, ಘರ್ಷಣೆಯೂ ಹೆಚ್ಚುತ್ತೆ. 45 ಡಿಗ್ರೀಲಿ ಜಾರದೇ ನಿಲ್ಬೇಕು ಅಂದ್ರೆ ಘರ್ಷಣಾಂಕ (ಒತ್ತೋ ಬಲಕ್ಕೆ ಹೋಲಿಸಿದ್ರೆ ಹಿಡಿತ ಎಷ್ಟು ಅನ್ನೋ ಸಂಖ್ಯೆ) 1 ಬೇಕು, ಒಣ ಕಲ್ಲಿನ ಮೇಲೆ ಮೆತ್ತನೆ ರಬ್ಬರ್ ಇದನ್ನೂ ದಾಟಬಲ್ಲದು. ಕರಾವಳಿಯ ಜಂಬಿಟ್ಟಿಗೆ ಕಲ್ಲು ಒರಟು, ತೂತು ತೂತು, ಅದರ ಮೇಲೆ ಹಿಡಿತ ಚೆನ್ನಾಗಿರುತ್ತೆ, ಆದ್ರೆ ಮೇಲಿನ ಕೆಂಪು ಧೂಳು ಟೈರಿಗೆ ಮೆತ್ಕೊಂಡ್ರೆ ಎಲ್ಲಾ ಹೋಯ್ತು, ಒದ್ದೆ ಬಟ್ಟೇಲಿ ಒರೆಸಿ ಒಣಗಿಸ್ಕೊಳ್ಳಿ.

ಸ್ಪ್ರಿಂಗ್ ಮೆತ್ತಗೆ ಮಾಡಿ ಬಾಡಿ ಸ್ವಲ್ಪ ತಗ್ಗಿಸಿದ್ರೆ ಒಳ್ಳೇದೇ, ಅತಿಯಾದ್ರೆ ಥ್ರಾಟಲ್ ಕೊಟ್ಟಾಗ ಡ್ರೈವ್ ಶಾಫ್ಟ್ (ಆಕ್ಸಲ್‌ಗೆ ಪವರ್ ಒಯ್ಯೋ ಸರಳು) ತಿರುಚೋ ಬಲಕ್ಕೆ ಇಡೀ ಬಾಡಿ ಒಂದು ಪಕ್ಕಕ್ಕೆ ವಾಲುತ್ತೆ, ಅದನ್ನ ನೋಡ್ಕೊಳ್ಳಿ.

ಮುಂದೆ ಹಿತ್ತಾಳೆ ಹಾಕಿದ್ಮೇಲೆ ಸ್ಟೀರಿಂಗ್ ಸರ್ವೋ (ಮುಂದಿನ ಚಕ್ರಗಳನ್ನ ಎಡಬಲ ತಿರುಗಿಸೋ ಪುಟ್ಟ ಮೋಟರ್) ಒದ್ದಾಡುತ್ತೆ, ಕಲ್ಲು ಸಂದಿಯಲ್ಲಿ ಚಕ್ರ ಸಿಕ್ಕಿದಾಗಂತೂ ತಿರುಗೋದೇ ಇಲ್ಲ. ಆಗ ಮೆಟಲ್ ಗೇರಿನ ಸರ್ವೋ ಹಾಕೋದು ನ್ಯಾಯವಾದ ಖರ್ಚು, ಇಮ್ಯಾಕ್ಸ್ ಇಎಸ್08ಎಂಎ ಈ ಕೆಲಸಕ್ಕೆ ಬಹಳ ಜನ ಬಳಸೋ ಮಾಡೆಲ್ಲು. ಮೋಟರ್ ವಿಷಯ ಇದಾದ್ಮೇಲೆ. ಅಲ್ಲೂ ಪಿನಿಯನ್ ಗೇರಿನ (ಮೋಟರ್ ತುದಿಯ ಚಿಕ್ಕ ಗೇರಿನ) ಹಲ್ಲು ಕಡಿಮೆ ಮಾಡಿದ್ರೆ ವೇಗ ಇಳಿದು ಟಾರ್ಕ್ (ತಿರುಗಿಸೋ ಬಲ) ಏರುತ್ತೆ, ನಿಧಾನ ಚಲನೆ ಮೇಲೆ ಹಿಡಿತ ಸಿಗುತ್ತೆ, ಮೋಟರ್ ಬಿಸಿಯಾಗೋದೂ ಕಮ್ಮಿ. ಚಿಕ್ಕ ಗಾಡಿಗೆ ನಿಧಾನ ಇನ್ನೂ ಮುಖ್ಯ, ಯಾಕಂದ್ರೆ ಗುರುತ್ವಾಕರ್ಷಣೆ ಸ್ಕೇಲಿಗೆ ತಕ್ಕಂಗೆ ಕಮ್ಮಿ ಆಗಲ್ಲ, ಇದು ದೊಡ್ಡ ಜೀಪಿಗಿಂತ ಹೆಚ್ಚುಕಮ್ಮಿ 5 ಪಟ್ಟು ಬೇಗ ಬೀಳುತ್ತೆ, ನಿಮ್ಮ ಬೆರಳಿಗೆ ತಿದ್ದೋಕೆ ಸಮಯವೇ ಸಿಗಲ್ಲ.

ಯಾವುದು ಮೊದ್ಲು ಬದಲಾಯಿಸ್ಬೇಕು ಅಂತ ಗಾಡಿನೇ ಹೇಳುತ್ತೆ. ಒಂದು ಹಲಗೆಗೆ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಅಂಟಿಸಿ ಗಾಡಿ ಮುಂಭಾಗ ಹಲಗೆಯ ಒಂದು ತುದಿ ಕಡೆಗಿರೋ ಹಾಗೆ ಇಟ್ಟು ಆ ತುದಿನ ನಿಧಾನ ಎತ್ತುತ್ತಾ ಹೋಗಿ, ಮೊಬೈಲಿನ ಕೋನ ಅಳೆಯೋ ಆ್ಯಪ್ ಹಲಗೆ ಮೇಲೆ ಇರ್ಲಿ. ಮೊದ್ಲು ಜಾರಿದ್ರೆ ಟೈರ್ ಕಡೆ ನೋಡಿ, ಮೊದ್ಲು ಮಗುಚಿದ್ರೆ ತೂಕದ ಕಡೆ. ಜಾರೋ ಗಾಡಿಯ ಮಗುಚೋ ಕೋನ ಬೇಕು ಅಂದ್ರೆ ಹಿಂದಿನ ಚಕ್ರದ ಹಿಂದೆ ಒಂದು ತೆಳ್ಳನೆ ಪಟ್ಟಿ ಅಂಟಿಸಿ ಮತ್ತೆ ಎತ್ತಿ. ಒಂದ್ಸಲಕ್ಕೆ ಒಂದೇ ಪಾರ್ಟ್ ಬದಲಾಯಿಸಿ, ಎರಡೂ ಕೋನ ಬರ್ದಿಟ್ಕೊಳ್ಳಿ.